ನಾಲ್ಕು ವಿಸಿಡಿ, ಒಂದು ಡಿವಿಡಿ: ಚಿತ್ರ ಕೆಡದಂತೆ ಸೇರಿಸುವುದು

2000ದ ಆಸುಪಾಸಿನಲ್ಲಿ ಮದುವೆಯಾದವರ ಮನೆಯ ಬೀರುವಿನಲ್ಲಿ ವಿಸಿಡಿಗಳ ಒಂದು ಕಟ್ಟು ಇದ್ದೇ ಇರುತ್ತದೆ. ಒಂದರಲ್ಲಿ ವರಪೂಜೆ, ಒಂದರಲ್ಲಿ ಧಾರೆ, ಇನ್ನೊಂದರಲ್ಲಿ ಆರತಕ್ಷತೆ. ಒಂದು ಡಿಸ್ಕಿಗೆ ಹಿಡಿಯುತ್ತಿದ್ದದ್ದೇ 74ರಿಂದ 80 ನಿಮಿಷ, ಹಾಗಾಗಿ ಮೂರು ನಾಲ್ಕು ಡಿಸ್ಕ್ ಮಾಮೂಲು. ಇವನ್ನೆಲ್ಲ ಒಂದೇ ಡಿವಿಡಿಗೆ ಇಳಿಸುವ ಕೆಲಸ ನಮ್ಮಂಥ ಕಲಿಯುವವರಿಗೆ ಒಳ್ಳೆಯ ಅಭ್ಯಾಸ. ಕೋಡೆಕ್ (ಚಿತ್ರ, ಶಬ್ದ ಕುಗ್ಗಿಸುವ ವಿಧಾನ), ಬಿಟ್‌ರೇಟ್ (ಒಂದು ಸೆಕೆಂಡಿಗೆ ಬಳಸುವ ಮಾಹಿತಿ), ಕಂಟೇನರ್ (ಚಿತ್ರ, ಶಬ್ದ ಎರಡನ್ನೂ ಹಿಡಿದಿಡುವ ಫೈಲ್) ಎಲ್ಲವೂ ಇದೊಂದರಲ್ಲೇ ಎದುರಾಗುತ್ತವೆ.

ಮೊದಲು ತಿಳಿಯಬೇಕಾದ್ದು: ಫೈಲ್‌ಗಳನ್ನು ಸೇರಿಸಿದರೆ ಚಿತ್ರ ಕೆಡುವುದಿಲ್ಲ. ಸೇರಿಸುವಾಗ ಸಾಫ್ಟ್‌ವೇರ್ ಚಿತ್ರವನ್ನು ಬಿಚ್ಚಿ ಮತ್ತೆ ಎನ್‌ಕೋಡ್ ಮಾಡಿದರೆ, ಅಂದರೆ ಹೊಸದಾಗಿ ಕುಗ್ಗಿಸಿದರೆ, ಕೆಡುತ್ತದೆ. ವಿಸಿಡಿ, ಡಿವಿಡಿಗಳು ಬಳಸುವ ಎಂಪೆಗ್ ಅನ್ನುವ ಕೋಡೆಕ್‌ನಲ್ಲಿ ಒಂದು ಸಲ ಬಿಟ್ಟುಹೋದ ವಿವರ ಮತ್ತೆ ಬರುವುದಿಲ್ಲ. ಎರಡನೇ ಸಲ ಎನ್‌ಕೋಡ್ ಮಾಡಿದರೆ ಉಳಿದದ್ದರಲ್ಲೇ ಇನ್ನಷ್ಟು ಹೋಗುತ್ತದೆ, ಜೆರಾಕ್ಸ್‌ನ ಜೆರಾಕ್ಸ್ ತೆಗೆದ ಹಾಗೆ. ಆದ್ದರಿಂದ ನಮ್ಮ ಗುರಿ ಇಷ್ಟೇ: ವಿಡಿಯೋ ಸ್ಟ್ರೀಮನ್ನು ಮುಟ್ಟದೆ ಇದ್ದ ಹಾಗೇ ನಕಲು ಮಾಡುವುದು.

ಸಾಫ್ಟ್‌ವೇರ್ ನಕಲು ಮಾಡುತ್ತಿದೆಯೋ, ಎನ್‌ಕೋಡ್ ಮಾಡುತ್ತಿದೆಯೋ ಅನ್ನುವುದು ಅದು ತೆಗೆದುಕೊಳ್ಳುವ ಹೊತ್ತಿನಲ್ಲೇ ಗೊತ್ತಾಗುತ್ತದೆ. ಒಂದು ಗಂಟೆಯ ವಿಸಿಡಿ ಫೈಲ್ ಕೆಲವೇ ಸೆಕೆಂಡಿನಲ್ಲಿ ಮುಗಿದರೆ ಅದು ನಕಲು. ಸಿಪಿಯು ಬಿಸಿಯಾಗಿ, ಫ್ಯಾನ್ ಜೋರಾಗಿ ತಿರುಗಿ, ಪರ್ಸೆಂಟೇಜ್ ನಿಧಾನವಾಗಿ ತೆವಳುತ್ತಿದ್ದರೆ ಎನ್‌ಕೋಡ್ ಆಗುತ್ತಿದೆ ಅಂತಲೇ ಲೆಕ್ಕ. ಅಲ್ಲಿಗೇ ನಿಲ್ಲಿಸಿ, ಸೆಟ್ಟಿಂಗ್ ನೋಡಿ.

ಈಗ ವಿಸಿಡಿಯೊಳಗೆ ಏನಿದೆ ಅಂತ ಮೀಡಿಯಾಇನ್ಫೋ ಅನ್ನುವ, ಫೈಲ್‌ನ ವಿವರ ತೋರಿಸುವ ಪ್ರೋಗ್ರಾಂನಲ್ಲಿ ತೆರೆದು ನೋಡೋಣ. ವಿಡಿಯೋ ಎಂಪೆಗ್-1, ಅಳತೆ 352×288, ಸೆಕೆಂಡಿಗೆ 25 ಫ್ರೇಮ್, ಬಿಟ್‌ರೇಟ್ 1150 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್). ಆಡಿಯೋ ಎಂಪಿ2, 224 ಕೆಬಿಪಿಎಸ್, 44.1 ಕಿಲೋಹರ್ಟ್ಸ್. ಇದು ನಮ್ಮ ದೇಶದಲ್ಲಿ ಬಳಸಿದ ಪಾಲ್ ಅನ್ನುವ ಟಿವಿ ಪದ್ಧತಿಯ ವಿಸಿಡಿಯ ಲೆಕ್ಕ. ಈ ಮಾನದಂಡ 1993ರದ್ದು.

ಇಲ್ಲೊಂದು ಅದೃಷ್ಟ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಡಿವಿಡಿ ಅಂದರೆ ಎಂಪೆಗ್-2, 720×576 ಮಾತ್ರ ಅಂತ ಅಂದುಕೊಂಡಿರುತ್ತೇವೆ. ಆದರೆ ಡಿವಿಡಿ-ವಿಡಿಯೋ ನಿಯಮದಲ್ಲಿ 352×288ರ ಎಂಪೆಗ್-1ಕ್ಕೂ ಜಾಗ ಇದೆ, 1856 ಕೆಬಿಪಿಎಸ್ ಒಳಗಿದ್ದರೆ ಸಾಕು. ಅಂದರೆ ವಿಸಿಡಿಯ ಚಿತ್ರ ಹಾಗೇ ಡಿವಿಡಿಗೆ ಹೋಗಬಹುದು! ತಕರಾರು ಇರುವುದು ಆಡಿಯೋದ್ದು. ಡಿವಿಡಿ 44.1 ಒಪ್ಪುವುದಿಲ್ಲ, 48 ಕಿಲೋಹರ್ಟ್ಸ್ ಬೇಕು. ಹಾಗಾಗಿ ಚಿತ್ರ ನಕಲು, ಶಬ್ದ ಮಾತ್ರ ಹೊಸದಾಗಿ ಎನ್‌ಕೋಡ್.

ಇದನ್ನು ಬಿಟ್ಟು ಕೆಲವರು 352×288 ಅನ್ನು 720×576ಕ್ಕೆ ಎಳೆದು ‘ಡಿವಿಡಿ ಕ್ವಾಲಿಟಿ’ ಅನ್ನುತ್ತಾರೆ. ಇಲ್ಲದ ವಿವರ ಎಲ್ಲಿಂದ ಬರಬೇಕು? ಸುಮ್ನೆ ಜಾಗ ದಂಡ, ಜೊತೆಗೆ ಇದ್ದದ್ದೂ ಮಸುಕು. ಟಿವಿ ಹೇಗಿದ್ದರೂ ತಾನೇ ಹಿಗ್ಗಿಸಿ ತೋರಿಸುತ್ತದೆ.

ಜಾಗದ ಲೆಕ್ಕ

1150 ಮತ್ತು 224 ಸೇರಿ 1374 ಕೆಬಿಪಿಎಸ್. ಎಂಟರಿಂದ ಭಾಗಿಸಿ ಅರವತ್ತರಿಂದ ಗುಣಿಸಿದರೆ ನಿಮಿಷಕ್ಕೆ ಸುಮಾರು 10.3 ಎಂಬಿ. ಸಾದಾ ಡಿವಿಡಿ 4.7 ಜಿಬಿ (ಕಂಪ್ಯೂಟರ್ ಇದನ್ನೇ 4.37 ಅಂತ ತೋರಿಸುತ್ತದೆ, ಅದು ಎಣಿಕೆಯ ಕ್ರಮದ ವ್ಯತ್ಯಾಸ, ಗಾಬರಿ ಬೇಡ). ಏಳು ಗಂಟೆಯ ವಿಡಿಯೋ ಆರಾಮಾಗಿ ಹಿಡಿಯುತ್ತದೆ. ನಾಲ್ಕು ವಿಸಿಡಿ ಹಾಕಿದರೂ ಜಾಗ ಮಿಗುತ್ತದೆ.

ಮಿಗುವ ಜಾಗವನ್ನು ಶಬ್ದಕ್ಕೆ ಕೊಡಬಹುದು. ಆಡಿಯೋವನ್ನು ಮತ್ತೆ ಕುಗ್ಗಿಸದೆ ಪಿಸಿಎಂ (ಕುಗ್ಗಿಸದ ಶಬ್ದದ ರೂಪ) ಆಗಿ ಇಟ್ಟರೆ 1536 ಕೆಬಿಪಿಎಸ್ ಬೇಕು. ಆಗ ನಿಮಿಷಕ್ಕೆ 20 ಎಂಬಿ, ಒಟ್ಟು ಸುಮಾರು ಮೂರೂಮುಕ್ಕಾಲು ಗಂಟೆ. 74 ನಿಮಿಷದ ಮೂರು ಡಿಸ್ಕ್ ಇದ್ದರೆ ನಾನು ಇದನ್ನೇ ಹೇಳುತ್ತೇನೆ. ನಾಲ್ಕು ಪೂರ್ತಿ ತುಂಬಿದ ಡಿಸ್ಕ್ ಇದ್ದರೆ 224ರ ಎಂಪಿ2 ಸಾಕು. ವಾಲಗದ ಸದ್ದಿನಲ್ಲಿ ವ್ಯತ್ಯಾಸ ಗುರುತಿಸುವವರು ಕಡಿಮೆ.

ಕೆಲಸದ ಕ್ರಮ

ವಿಸಿಡಿಯಲ್ಲಿ ಎಂಪೆಗ್‌ಎವಿ ಅನ್ನುವ ಫೋಲ್ಡರ್ ಇರುತ್ತದೆ, ಅದರೊಳಗೆ ಡ್ಯಾಟ್ ಫೈಲ್. ಡಿಸ್ಕ್ ಮೇಲೆ 650 ಎಂಬಿ ಅಂತ ಬರೆದಿದ್ದರೂ ಫೈಲ್ 700 ದಾಟಿರಬಹುದು. ಕಾರಣ, ಡೇಟಾ ಸಿಡಿಯ ಒಂದು ಸೆಕ್ಟರ್‌ನಲ್ಲಿ 2048 ಬೈಟ್ ಮಾಹಿತಿ ಇದ್ದರೆ ವಿಸಿಡಿಯಲ್ಲಿ 2324. ತಪ್ಪು ತಿದ್ದುವ ಹೆಚ್ಚುವರಿ ಬೈಟ್‌ಗಳನ್ನು ತೆಗೆದು ಆ ಜಾಗವನ್ನೂ ಚಿತ್ರಕ್ಕೆ ಕೊಟ್ಟಿದ್ದಾರೆ. ಅದಕ್ಕೇ ಗೀರು ಬಿದ್ದ ವಿಸಿಡಿ ಅಷ್ಟು ಬೇಗ ಕೈಕೊಡುವುದು. ಓದಲು ತಕರಾರು ಮಾಡುವ ಡಿಸ್ಕನ್ನು ಬೇರೆ ಡ್ರೈವ್‌ನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಬಿಟ್ಟದ್ದನ್ನು ಇನ್ನೊಂದು ಓದುವುದುಂಟು.

ಡ್ಯಾಟ್ ಫೈಲ್‌ನಲ್ಲಿ ಎಂಪೆಗ್ ಸುತ್ತ ಇನ್ನೊಂದು ಕವಚ ಇರುತ್ತದೆ. ಹೆಸರಿನ ಕೊನೆಯನ್ನು ಎಂಪಿಜಿ ಅಂತ ಬದಲಿಸಿದರೆ ಕವಚ ಹೋಗುವುದಿಲ್ಲ. ವಿಸಿಡಿಗೇರ್‌ನಂಥ ಸಣ್ಣ ಪ್ರೋಗ್ರಾಂ ಅದನ್ನು ಸುಲಿದು ಶುದ್ಧ ಎಂಪೆಗ್ ಕೊಡುತ್ತದೆ. ಇಲ್ಲೂ ಎನ್‌ಕೋಡಿಂಗ್ ಇಲ್ಲ. ಆಮೇಲೆ ಡಿವಿಡಿ ಆಥರಿಂಗ್, ಅಂದರೆ ಫೈಲ್‌ಗಳನ್ನು ಮೆನು ಸಮೇತ ಡಿವಿಡಿಯ ರೂಪಕ್ಕೆ ಜೋಡಿಸುವುದು. ಡಿವಿಡಿಸ್ಟೈಲರ್‌ನಲ್ಲಾದರೆ ವಿಡಿಯೋಗೆ ‘ಕಾಪಿ’ ಆಯ್ಕೆ ಕೊಟ್ಟು ಆಡಿಯೋ ಒಂದನ್ನೇ ಬದಲಿಸಬೇಕು. ಡಿವಿಡಿಯ ಮಟ್ಟಿಗೆ ಫೈಲ್‌ಗಳನ್ನು ಅಂಟಿಸಿ ಒಂದೇ ಉದ್ದ ಫೈಲ್ ಮಾಡುವ ಅಗತ್ಯವೂ ಇಲ್ಲ, ಅಲ್ವಾ? ಧಾರೆ ಒಂದು ಟೈಟಲ್, ಆರತಕ್ಷತೆ ಇನ್ನೊಂದು. ಮೆನುವಿನಿಂದ ಬೇಕಾದ್ದಕ್ಕೆ ನೇರ ಹೋಗಬಹುದು.

ನಡುವೆ ನಿಜವಾದ ಡಿವಿಡಿಯಿಂದ ಬಂದ 720×576ರ ತುಣುಕು ಇದ್ದರೆ ಅದನ್ನು ಬೇರೆ ಟೈಟಲ್‌ಸೆಟ್‌ಗೆ (ಟೈಟಲ್‌ಗಳ ಗುಂಪಿಗೆ) ಹಾಕಿ. ಒಂದು ಟೈಟಲ್‌ಸೆಟ್ ಒಳಗೆ ಎಲ್ಲ ವಿಡಿಯೋ ಒಂದೇ ಅಳತೆ, ಒಂದೇ ಬಗೆಯದಿರಬೇಕು. ಒಂದು ಡಿಸ್ಕಿನಲ್ಲಿ 99 ಟೈಟಲ್‌ಸೆಟ್‌ವರೆಗೆ ಅವಕಾಶ ಇರುವುದರಿಂದ ತೊಂದರೆ ಇಲ್ಲ.

ಮೊಬೈಲ್‌ನಲ್ಲಿ ತೆಗೆದದ್ದನ್ನೂ ಸೇರಿಸಬೇಕು ಅಂದರೆ ಈ ದಾರಿ ಮುಚ್ಚುತ್ತದೆ. ಅದರ ಕೋಡೆಕ್ ಸಾಮಾನ್ಯವಾಗಿ ಎಚ್.264 ಅಥವಾ ಎಚ್.265. ಡಿವಿಡಿ-ವಿಡಿಯೋದಲ್ಲಿ ಇವೆರಡಕ್ಕೂ ಜಾಗ ಇಲ್ಲ, ಎಂಪೆಗ್-2 ಮಾಡಲೇಬೇಕು, ಸ್ವಲ್ಪ ಕಳೆದುಕೊಳ್ಳಲೇಬೇಕು. ಪ್ಲೇಯರ್‌ನಲ್ಲಿ ನೋಡುವ ಹಟ ಇಲ್ಲದಿದ್ದರೆ ಅವನ್ನು ಡೇಟಾ ಡಿಸ್ಕ್ ಆಗಿ ಹಾಗೇ ಬರೆಯುವುದು ಮೇಲು. ಜಾಗ ಜಾಸ್ತಿ ಬೇಕಾದರೆ 8.5 ಜಿಬಿಯ ಎರಡು ಪದರದ ಡಿವಿಡಿ ಅಥವಾ 25 ಜಿಬಿಯ ಬ್ಲೂ-ರೇ ಇದೆ.

ಬರ್ನ್ ಮಾಡುವಾಗ ‘ವೆರಿಫೈ’ ಟಿಕ್ ಹಾಕಿರಿ. ಆಮೇಲೆ ಪ್ರತಿ ಟೈಟಲ್‌ನ ಕೊನೆಯ ಐದು ನಿಮಿಷ ನೋಡಿ. ತುಟಿಗೂ ಮಾತಿಗೂ ಹೊಂದಾಣಿಕೆ ತಪ್ಪಿದ್ದರೆ ಅಲ್ಲೇ ಎದ್ದು ಕಾಣುತ್ತದೆ, ಮೊದಲ ನಿಮಿಷದಲ್ಲಿ ಅಲ್ಲ.