ಚೆಂಡೆಯ ಪೆಟ್ಟಿಗೆ ಎಂಪಿ3 ಯಾಕೆ ಬೆಚ್ಚುತ್ತದೆ

"ಇದೆಂತ ಮಾರಾಯ, ಚೆಂಡೆಯಾ ತಗಡಾ?"

ಪೆರ್ಲದ ಮಾವ ಹೀಗೆ ಕೇಳಿದಾಗ ನನಗೆ ಸ್ವಲ್ಪ ಸಿಟ್ಟೇ ಬಂತು. ಎರಡು ಭಾನುವಾರ ಕೂತು ಅವರ ಹಳೆಯ ಯಕ್ಷಗಾನದ ಕ್ಯಾಸೆಟ್ಟೊಂದನ್ನು ಕಂಪ್ಯೂಟರಿಗೆ ಇಳಿಸಿ, ಮೊಬೈಲಿನಲ್ಲಿ ಕೇಳಲು ಆಗುವಂತೆ ಸಣ್ಣ ಫೈಲು ಮಾಡಿ ಕಳಿಸಿದ್ದೆ. ಆಮೇಲೆ ಇಯರ್‌ಫೋನ್ ಹಾಕಿ ನಾನೇ ಕೇಳಿ ನೋಡಿದೆ. ಭಾಗವತರ ಪದ ಸರಿ ಇತ್ತು, ಮದ್ದಳೆಗೂ ತೊಂದರೆ ಇರಲಿಲ್ಲ. ಚೆಂಡೆಯದ್ದು ಮಾತ್ರ ಒಂದೊಂದು ಪೆಟ್ಟು ಬೀಳುವುದಕ್ಕೂ ಮೊದಲೇ ಮರಳು ಜಾರಿದ ಹಾಗೆ ಒಂದು 'ಸ್ಸ್'. ಎಪ್ಪತ್ತು ದಾಟಿದ ಕಿವಿಗೆ ತಾರಕದ ಸದ್ದುಗಳು ಕಡಿಮೆ ಕೇಳಿಸುತ್ತವೆ ನಿಜ. ಆದರೆ ಚೆಂಡೆ ಕೇಳಿಯೇ ಬೆಳೆದವರಿಗೆ ಪೆಟ್ಟಿನ ಮೊನೆ ಮೊಂಡಾದದ್ದು ಗೊತ್ತಾಗದೆ ಇರುತ್ತದೆಯೇ?

ಲೆಕ್ಕ ಹೀಗಿದೆ. ಸಿ.ಡಿ. ಗುಣಮಟ್ಟದಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ. ಪ್ರತಿ ಅಳತೆಗೆ 16 ಬಿಟ್, ಎಡಕ್ಕೊಂದು ಬಲಕ್ಕೊಂದು. 90 ನಿಮಿಷದ ಒಂದು ಕ್ಯಾಸೆಟ್ ಈ ಲೆಕ್ಕದಲ್ಲಿ ಸುಮಾರು 950 ಎಂಬಿ ಆಗುತ್ತದೆ. ನಾನು ಕಳಿಸಿದ್ದು ಸೆಕೆಂಡಿಗೆ 64 ಸಾವಿರ ಬಿಟ್‌ನ, ಅಂದರೆ 64 ಕೆಬಿಪಿಎಸ್‌ನ ಎಂಪಿ3, ಬರೀ 43 ಎಂಬಿ. ಅಂದರೆ 22 ಪಾಲಿನಲ್ಲಿ 21 ಪಾಲು ನಾನೇ ಬಿಸಾಡಿದ್ದೆ. ಅಷ್ಟು ಬಿಸಾಡಿಯೂ ಪದ ಕೇಳುತ್ತದಲ್ಲ, ಅದೇ ಸೋಜಿಗ.

ಈ ಬಿಸಾಡುವ ವಿದ್ಯೆ ಕಿವಿಯ ಒಂದು ದೌರ್ಬಲ್ಯವನ್ನು ನಂಬಿಕೊಂಡಿದೆ. ಯಕ್ಷಗಾನದ ಆಟದಲ್ಲಿ ಚೆಂಡೆ ಏರಿದ ಹೊತ್ತಿಗೆ ಪಕ್ಕದವ ನೆಲಗಡಲೆ ಸಿಪ್ಪೆ ಒಡೆಯುವುದು ನಮಗೆ ಕೇಳಿಸುವುದಿಲ್ಲ. ದೊಡ್ಡ ಸದ್ದು ಹತ್ತಿರದ ಸಣ್ಣ ಸದ್ದನ್ನು ಮುಚ್ಚಿಬಿಡುತ್ತದೆ. ಕೇಳಿಸದ್ದನ್ನು ಕಾಪಿಡುವುದು ಯಾಕೆ ಎಂದು ಹೊರಟವರು ಜರ್ಮನಿಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಫ್ರೌನ್‌ಹೋಫರ್ ಸಂಸ್ಥೆಯ ಸಂಗಡಿಗರು. ಆ ಕೆಲಸದ ಫಲಕ್ಕೆ ಎಂಪಿ3 ಎಂಬ ಫೈಲಿನ ಹೆಸರು ಅಂಟಿದ್ದು 1995ರಲ್ಲಿ.

ಮುಚ್ಚುವ ಈ ಆಟ ಕಾಲದಲ್ಲೂ ನಡೆಯುತ್ತದೆ, ಆದರೆ ಎರಡೂ ಕಡೆಗೆ ಒಂದೇ ಸಮ ಅಲ್ಲ. ಜೋರಾದ ಪೆಟ್ಟು ಬಿದ್ದ ಮೇಲೆ ನೂರು ಮಿಲಿಸೆಕೆಂಡಿನಷ್ಟು ಹೊತ್ತು ಕಿವಿ ಮಂದವಾಗಿರುತ್ತದೆ. ಪೆಟ್ಟಿಗೆ ಮೊದಲು ಬಂದ ಸಣ್ಣ ಸದ್ದು ಮುಚ್ಚಿಹೋಗುವುದು ಕೆಲವೇ ಮಿಲಿಸೆಕೆಂಡು. ಎಂಪಿ3 ಎಡವುವುದು ಇಲ್ಲಿಯೇ. ಅದು ಧ್ವನಿಯನ್ನು ಹೋಳು ಮಾಡಿ, ಹೋಳಿನೊಳಗೆ ಯಾವ ಯಾವ ಸ್ವರ ಎಷ್ಟೆಷ್ಟು ಇದೆ ಎಂದು ಬರೆದಿಡುತ್ತದೆ. 1,152 ಅಳತೆಗಳು ಸೇರಿ ಒಂದು ಫ್ರೇಮು, ಸುಮಾರು 26 ಮಿಲಿಸೆಕೆಂಡು. ಬಿಟ್ ಉಳಿಸಲು ಒರಟಾಗಿ ಬರೆದುಕೊಂಡ ತಪ್ಪು ಹೋಳಿನ ಉದ್ದಕ್ಕೂ ಹರಡಿಕೊಳ್ಳುತ್ತದೆ. ಹೋಳಿನ ಮೊದಲರ್ಧ ನಿಶ್ಶಬ್ದ, ಕೊನೆಯಲ್ಲಿ ಚೆಂಡೆ ಎಂದಿಟ್ಟುಕೊಳ್ಳಿ. ಪೆಟ್ಟಿನ ತಪ್ಪು ನಿಶ್ಶಬ್ದದೊಳಗೂ ಸೋರುತ್ತದೆ. ಮಾವ ಕೇಳಿದ ತಗಡು ಅದು. ತಂತ್ರಜ್ಞರು ಇದನ್ನು 'ಪ್ರಿ-ಎಕೋ' ಅನ್ನುತ್ತಾರೆ, ಸದ್ದಿಗೂ ಮೊದಲೇ ಬರುವ ಮಾರ್ದನಿ. ಇದನ್ನು ಪರೀಕ್ಷಿಸಲು ಅವರು ಬಳಸುತ್ತಾ ಬಂದದ್ದು ಕ್ಯಾಸ್ಟನೆಟ್ ಎಂಬ ಸ್ಪೇನಿನ ಮರದ ಚಿಟಿಕೆ. ಚೆಂಡೆ ಕೊಟ್ಟಿದ್ದರೆ ಇನ್ನೂ ಬೇಗ ಸುಸ್ತಾಗುತ್ತಿದ್ದರೋ ಏನೋ.

ಮೊನಚಾದ ಪೆಟ್ಟು ಕಂಡಾಗ ಹೋಳನ್ನು ಇನ್ನೂ ಸಣ್ಣದಾಗಿ ಕತ್ತರಿಸುವ ಉಪಾಯ ಎಂಪಿ3ಗೂ ಗೊತ್ತು. ಆದರೆ ಸಣ್ಣ ಹೋಳು ಹೆಚ್ಚು ಬಿಟ್ ತಿನ್ನುತ್ತದೆ. ಯುದ್ಧದ ಸಂದರ್ಭದಲ್ಲಿ ಚೆಂಡೆ ಒಂದೇ ಸಮನೆ ಉರುಳುವಾಗ 64 ಕೆಬಿಪಿಎಸ್ ಎಲ್ಲಿಗೆ ಸಾಕು? ಅದರ ಮೇಲೆ ನಾನೊಂದು ಪೆದ್ದು ಕೆಲಸವನ್ನೂ ಮಾಡಿದ್ದೆ. ಆ ಕ್ಯಾಸೆಟ್ ಒಂದೇ ಮೈಕಿನಲ್ಲಿ ಹಿಡಿದದ್ದು. ಎಡ ಬಲ ಎರಡರಲ್ಲೂ ಇರುವುದು ಒಂದೇ ಧ್ವನಿ, ಬೇರೆ ಇರುವುದು ಟೇಪಿನ ಸುಯ್ ಮಾತ್ರ. ಅದನ್ನು ಸ್ಟೀರಿಯೊ ಮಾಡಿ, ಸುಯ್ ಕಾಪಾಡಲು ಬಿಟ್ ಖರ್ಚು ಮಾಡಿದ್ದೆ. ಎರಡನೇ ಸಲ ಎಡ ಬಲ ಸೇರಿಸಿ ಮೋನೊ ಮಾಡಿ, ಎಎಸಿ ಎಂಬ ಧ್ವನಿ ಹಿಂಡುವ ಕೋಡೆಕ್‌ನಲ್ಲಿ 96 ಕೆಬಿಪಿಎಸ್ ಕೊಟ್ಟೆ. 1997ರ ಈ ಪದ್ಧತಿಯಲ್ಲಿ ಸಣ್ಣ ಹೋಳು 128 ಅಳತೆ, ಮೂರು ಮಿಲಿಸೆಕೆಂಡೂ ಇಲ್ಲ. ತಪ್ಪು ಸೋರಿದರೂ ಪೆಟ್ಟಿನ ಮರೆಯಲ್ಲೇ ಉಳಿಯುತ್ತದೆ. ಫೈಲು 65 ಎಂಬಿ ಆಯಿತು, ಆಗಲಿ.

ಕೋಡೆಕ್ ಆರಿಸುವುದಕ್ಕಿಂತ ದೊಡ್ಡ ಕೆಲಸ ಕ್ಯಾಸೆಟ್ಟಿನ ಹತ್ತಿರವೇ ಇದೆ, ಅದನ್ನು ಯಾರೂ ಮಾಡುವುದಿಲ್ಲ. ಟೇಪ್‌ರೆಕಾರ್ಡರಿನ ಹೆಡ್ಡಿನ ಪಕ್ಕ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ಹೆಡ್ಡಿನ ಓರೆ ಬದಲಾಗುತ್ತದೆ. ರೆಕಾರ್ಡ್ ಮಾಡಿದ ಯಂತ್ರದ ಓರೆಗೆ ಇದು ಹೊಂದಿದ ಕ್ಷಣ, ಕಂಬಳಿ ಹೊದ್ದು ಬಾರಿಸಿದಂತಿದ್ದ ಚಕ್ರತಾಳ ಫಕ್ಕನೆ 'ಟಿಣ್' ಎನ್ನುತ್ತದೆ. ಯಾವ ಸಾಫ್ಟ್‌ವೇರೂ ಆಮೇಲೆ ಅದನ್ನು ತಂದುಕೊಡಲಾರದು.

ಇನ್ನೊಂದು ಕೆಲಸ, ವೇಗ ನೋಡುವುದು. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು. ಹಳೆ ಯಂತ್ರದ ಬೆಲ್ಟ್ ಸಡಿಲವಾಗಿದ್ದರೆ, ಮೋಟಾರು ತಪ್ಪಿದ್ದರೆ ಶ್ರುತಿಯೇ ಬದಲು. ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗೆ ಸುಮಾರು 6 ಶೇಕಡಾ ಅಂತರ. ನಮ್ಮ ಕ್ಯಾಸೆಟ್ ಎರಡು ಮನೆಗಳ ನಡುವೆ ಎಲ್ಲೋ ನಿಂತಿತ್ತು. ಹಿನ್ನೆಲೆಯಲ್ಲಿ ಕರೆಂಟಿನ 'ಗುಂಯ್' ಇದ್ದರೆ ಅದು 50 ಹರ್ಟ್ಸ್‌ಗೆ ಕೂರುವಂತೆ ವೇಗ ತಿದ್ದಬಹುದು. ಆದರೆ ಆ ಕಾಲದ ನಮ್ಮ ಕರೆಂಟು ತಾನೇ 50ರಲ್ಲಿ ನಿಲ್ಲುತ್ತಿರಲಿಲ್ಲ. ಕೊನೆಗೆ ಮಾವನನ್ನೇ ಕೇಳಿದೆ. "ಭಾಗವತರದ್ದು ಕಪ್ಪು ಎರಡು, ಅದರಲ್ಲಿ ಅನುಮಾನ ಇಲ್ಲ" ಅಂದರು, ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆಯ ಶ್ರುತಿ. ಹಾಗೇ ತಿದ್ದಿದೆ.

ವೀಡಿಯೊದ ಕಥೆ ಬೇರೆ. ಫುಲ್ ಎಚ್‌ಡಿ ಚಿತ್ರವನ್ನು ಹಿಂಡದೆ ಇಟ್ಟರೆ, ಸೆಕೆಂಡಿಗೆ 25 ಚಿತ್ರದಂತೆ, ಒಂದು ಸೆಕೆಂಡಿಗೇ 155 ಎಂಬಿ. 2003ರಲ್ಲಿ ಬಂದ ಎಚ್.264 ಎಂಬ ವೀಡಿಯೊ ಕೋಡೆಕ್ ಇಷ್ಟನ್ನು ಹಿಂಡುವುದು ಮುಖ್ಯವಾಗಿ 'ಹಿಂದಿನ ಚಿತ್ರಕ್ಕಿಂತ ಏನು ಬದಲಾಯಿತು' ಎಂದಷ್ಟೇ ಬರೆದುಕೊಂಡು. ಆದ್ದರಿಂದ ತಾಳಮದ್ದಳೆ ಅದಕ್ಕೆ ಬಲು ಇಷ್ಟ. ಅರ್ಥಧಾರಿಗಳು ಕೂತಲ್ಲೇ ಕೂತಿರುತ್ತಾರೆ, ಅಲ್ಲಾಡುವುದು ಕೈ ಮತ್ತು ಬಾಯಿ. ಆಟದ ಧೀಂಗಿಣ, ಅಂದರೆ ಗಿರಕಿ ಹೊಡೆಯುವ ಕುಣಿತ, ಬಂತೋ, ಪರದೆ ತುಂಬ ಎಲ್ಲವೂ ಬದಲು. ಎರಡಕ್ಕೂ ಒಂದೇ ಬಿಟ್‌ರೇಟ್ ಕೊಡುವುದು ದಡ್ಡತನ. 'ಸಿಆರ್‌ಎಫ್' ಎಂಬ ಸೌಲಭ್ಯದಲ್ಲಿ ಗುಣಮಟ್ಟ ಇಷ್ಟಿರಲಿ ಎಂದು ಹೇಳಿದರೆ ಸಾಕು, ಬಿಟ್ ಎಷ್ಟು ಬೇಕೆಂದು ಅದೇ ನೋಡಿಕೊಳ್ಳುತ್ತದೆ.

ಬಣ್ಣದ ವೇಷದ ಕೆಂಪಿಗೂ ಒಂದು ಶಾಪ ಇದೆ. ಕಣ್ಣಿಗೆ ಹೊಳಪಿನ ವ್ಯತ್ಯಾಸ ಕಂಡಷ್ಟು ಚೂಪಾಗಿ ಬಣ್ಣದ ವ್ಯತ್ಯಾಸ ಕಾಣದು. ಹಾಗಾಗಿ ನಾಲ್ಕು ಚುಕ್ಕಿಗೆ ಸೇರಿ ಒಂದೇ ಬಣ್ಣ ಬರೆದಿಡುತ್ತಾರೆ. ಹೊಳಪಿನ ಲೆಕ್ಕದಲ್ಲಿ ಕೆಂಪಿನ ಪಾಲು ಐದರಲ್ಲಿ ಒಂದು ಮಾತ್ರ. ಕಪ್ಪು ಹಿನ್ನೆಲೆಯ ಮುಂದೆ ಕೆಂಪು ಅಂಗಿಯ ಅಂಚು ಹೆಚ್ಚಾಗಿ ಬಣ್ಣದಿಂದಲೇ ಕಾಣಬೇಕು, ಅದು ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಹಳೆಯ ವಿಎಚ್‌ಎಸ್ ಟೇಪಾದರೆ ಮತ್ತೊಂದು ಗೋಳು. ಅದರಲ್ಲಿ ಸೆಕೆಂಡಿಗೆ 50 ಅರೆಚಿತ್ರಗಳಿರುತ್ತವೆ. ಎರಡೆರಡನ್ನು ಸುಮ್ಮನೆ ಹೆಣೆದರೆ ಗಿರಕಿ ಹೊಡೆಯುವ ವೇಷದ ಅಂಚಿನಲ್ಲಿ ಬಾಚಣಿಗೆ ಹಲ್ಲು ಮೂಡುತ್ತದೆ. ಪ್ರತಿ ಅರೆಚಿತ್ರವನ್ನೂ ಇಡಿಯಾಗಿಸಿ 50 ಚಿತ್ರವನ್ನೇ ಉಳಿಸಿಕೊಂಡರೆ ಗಿರಕಿ ನುಣುಪಾಗಿ ತಿರುಗುತ್ತದೆ.

ಎಲ್ಲ ಸರಿಯಾದ ಮೇಲೂ ಒಂದು ವೀಡಿಯೊ ಫೈಲು ಮಾವನಲ್ಲಿ ಶುರುವಾಗಲೇ ಇಲ್ಲ. ನೆಟ್‌ವರ್ಕ್ ಸಿಗುವ ಅಂಗಳದ ಮೂಲೆಯಲ್ಲಿ ನಿಂತು, ತಿರುಗುವ ಚಕ್ರ ನೋಡಿಯೇ ಅವರಿಗೆ ಸಾಕಾಯಿತು. ಎಂಪಿ4 ಒಂದು ಡಬ್ಬಿ. ಯಾವ ಚಿತ್ರ ಎಲ್ಲಿದೆ ಎಂಬ ಪಟ್ಟಿಯೂ ಅದರೊಳಗೇ ಇರುತ್ತದೆ. ರೆಕಾರ್ಡಿಂಗ್ ಮುಗಿಯದೆ ಪಟ್ಟಿ ತಯಾರಾಗದು, ಹಾಗಾಗಿ ಸಾಮಾನ್ಯವಾಗಿ ಅದು ಬಾಲದಲ್ಲಿ ಕೂರುತ್ತದೆ. ಬಾಲವನ್ನಷ್ಟೇ ಕತ್ತರಿಸಿ ಕೊಡಲು ಸರ್ವರಿಗೆ ಬಾರದಿದ್ದರೆ ಫೈಲು ಇಡೀ ಇಳಿಯುವವರೆಗೂ ಕಾಯಬೇಕು. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶಕ್ಕೆ 'ಫಾಸ್ಟ್‌ಸ್ಟಾರ್ಟ್' ಎಂದು ಒಂದು ಮಾತು ಹೇಳಿದರೆ ಪಟ್ಟಿ ತಲೆಗೆ ಬರುತ್ತದೆ. ಚಿತ್ರವನ್ನು ಮತ್ತೆ ಹಿಂಡುವುದಿಲ್ಲ, ಡಬ್ಬಿಯೊಳಗಿನ ಜೋಡಣೆ ಬದಲಾಗುತ್ತದೆ, ಅಷ್ಟೇ.

ಮತ್ತೆ ಹಿಂಡುವುದೆಂದರೆ ನನಗೆ ಹೆದರಿಕೆ. ಹಿಂಡಿದ್ದನ್ನೇ ಹಿಂಡಿದರೆ ಮೊದಲಿನ ತಪ್ಪುಗಳ ಮೇಲೆ ಹೊಸ ತಪ್ಪು ಕೂರುತ್ತದೆ. ಅದಕ್ಕೇ ಕ್ಯಾಸೆಟ್ಟಿನಿಂದ ಇಳಿಸಿದ 950 ಎಂಬಿಯ ವೇವ್ ಫೈಲನ್ನು ಎರಡು ಹಾರ್ಡ್‌ಡಿಸ್ಕಿನಲ್ಲಿ ಹಾಗೇ ಇಟ್ಟಿದ್ದೇನೆ. ಮಾವನಿಗೆ ತಗಡು ಕೇಳಿಸಿದಾಗ ಮತ್ತೆ ಶುರು ಮಾಡಲು ಆದದ್ದು ಅದರಿಂದಲೇ. ಹೊಸದನ್ನು ಕೇಳಿ, "ಈಗ ಚೆಂಡೆ ಉಂಟು" ಅಂದರು.

ಅವರ ಟ್ರಂಕಿನಲ್ಲಿ ಇನ್ನೂ 23 ಕ್ಯಾಸೆಟ್ ಇದೆ. ಎರಡರ ಟೇಪಿನ ಅಂಚಿಗೆ ಬಿಳಿ ಬೂಸ್ಟು ಹತ್ತಿದೆ. ಮಳೆ ಹಿಡಿಯುವ ಮೊದಲು ಅವೆರಡು ಆಗಬೇಕು.