ಚೌಡೇಶ್ವರಿಯ ಕಾವಲಿಗೆ ಕೂಲಿ ಎಷ್ಟು?

ಸಾಗರ, ಹೊಸನಗರದ ಕಡೆ ಅಡಿಕೆ ತೋಟದ ಬೇಲಿಗೆ, ಕೆಲವು ಮನೆಗಳ ಗೇಟಿಗೂ ಒಂದು ಬೋರ್ಡು ತೂಗುಹಾಕಿರುತ್ತದೆ: ‘ಶ್ರೀ ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ’. ಶರಾವತಿ ಹಿನ್ನೀರಿನ ಆಚೆ ನೆಲೆಸಿದ ಈ ದೇವಿ ಕಳ್ಳರನ್ನು ಸುಮ್ಮನೆ ಬಿಡುವುದಿಲ್ಲ ಎಂಬುದು ನಂಬಿಕೆ. ಭಕ್ತಿಯ ವಿಷಯವನ್ನು ಭಕ್ತರಿಗೆ ಬಿಡೋಣ. ಆ ಬೋರ್ಡು ಅರ್ಥಶಾಸ್ತ್ರದ ವಿದ್ಯಾರ್ಥಿಗೂ ಒಳ್ಳೆಯ ಪಾಠ.

ಅಡಿಕೆ ಕಳ್ಳನಿಗೆ ಹೇಳಿ ಮಾಡಿಸಿದ ಬೆಳೆ. ಸುಲಿದು, ಬೇಯಿಸಿ, ಚೊಗರು (ಅಡಿಕೆ ಬೇಯಿಸಿದ ನೀರಿನ ಮಂದ ರಸ) ಹಚ್ಚಿದ ಅಡಿಕೆ ದಿನಗಟ್ಟಲೆ ಅಂಗಳದಲ್ಲೋ ಒಣಗಿಸಲೆಂದೇ ಕಟ್ಟಿದ ಅಟ್ಟದ ಮೇಲೋ ಬಿಸಿಲಿಗೆ ಹರಡಿಕೊಂಡಿರುತ್ತದೆ. ಬೇಗ ಕೆಡುವುದಿಲ್ಲ, ಒಂದು ಚೀಲ ಹೊತ್ತರೂ ಕೈತುಂಬ ಹಣ. ಮಂಡಿಗೆ ಹೋದ ಮೇಲೆ ಯಾರ ಮನೆಯದೆಂದು ಗುರುತು ಹಿಡಿಯುವಂತಿಲ್ಲ. ಮಲೆನಾಡಿನ ಒಂಟಿಮನೆಗಳೋ, ಕೂಗಿದರೆ ಇನ್ನೊಂದು ಮನೆಗೆ ಕೇಳಿಸಿದರೆ ಪುಣ್ಯ. ರಾತ್ರಿ ಕಾಯಲು ಆಳು ಇಟ್ಟರೆ ಕೂಲಿ ಕೊಡಬೇಕು, ತಾನೇ ಕಾದರೆ ಮರುದಿನದ ಕೆಲಸ ಕೆಡುತ್ತದೆ. ಹೀಗೆ ಎಷ್ಟು ಖರ್ಚು ಮಾಡಿದರೂ ಒಂದೇ ಒಂದು ಅಡಿಕೆ ಹೆಚ್ಚು ಬೆಳೆಯುವುದಿಲ್ಲ. ಊರಿನವರೆಲ್ಲ ನಂಬುವ ದೇವಿ ಆ ಹೊರೆಯಲ್ಲಿ ಒಂದು ಪಾಲನ್ನು ಹೊತ್ತರೂ ಉಳಿತಾಯವೇ.

ಯಾರೋ ನೋಡುತ್ತಿದ್ದಾರೆ ಎಂಬ ಅನಿಸಿಕೆಗೆ ಅಷ್ಟು ಬಲ ಇದೆಯೇ? ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಮೆಲಿಸ್ಸಾ ಬೇಟ್ಸನ್ ಮತ್ತು ಸಂಗಡಿಗರು ಮಾಡಿದ ಒಂದು ಪ್ರಯೋಗ 2006ರಲ್ಲಿ ಪ್ರಕಟವಾಯಿತು. ವಿಭಾಗದ ಕಾಫಿ ಕೋಣೆಯಲ್ಲಿ ಒಂದು ಡಬ್ಬಿ. ಕುಡಿದವರು ತಾವಾಗಿಯೇ ಅದಕ್ಕೆ ದುಡ್ಡು ಹಾಕಬೇಕು. ದರಪಟ್ಟಿಯ ಮೇಲೆ ಒಂದು ವಾರ ಹೂವಿನ ಚಿತ್ರ, ಮರುವಾರ ದಿಟ್ಟಿಸುವ ಕಣ್ಣುಗಳ ಚಿತ್ರ. ಎಷ್ಟು ಜನ ಕುಡಿದರೆಂಬುದನ್ನು ಖರ್ಚಾದ ಹಾಲಿನಿಂದ ಲೆಕ್ಕ ಹಾಕಿದರು. (ಹಾಲಿನ ಶುದ್ಧತೆಯನ್ನು ಅಳೆಯುವುದು ನಮಗೆ ಗೊತ್ತು, ಹಾಲಿನಿಂದ ಮನುಷ್ಯರ ಶುದ್ಧತೆಯನ್ನು ಅಳೆದವರು ಇವರು.) ಕಣ್ಣುಗಳಿದ್ದ ವಾರಗಳಲ್ಲಿ ಡಬ್ಬಿಗೆ ಬಿದ್ದದ್ದು ಹೆಚ್ಚುಕಡಿಮೆ ಮೂರು ಪಟ್ಟು. ಇಂಥ ಪ್ರಯೋಗಗಳನ್ನು ಬೇರೆಯವರು ಮತ್ತೆ ಮಾಡಿದಾಗ ಪ್ರತಿ ಸಲವೂ ಅದೇ ಫಲ ಸಿಕ್ಕಿಲ್ಲವಾದ್ದರಿಂದ ಕಾಫಿ ಡಬ್ಬಿಯನ್ನೇ ನೆಚ್ಚಿ ಕೂರುವಂತಿಲ್ಲ.

ನನಗೆ ಹೆಚ್ಚು ಗಟ್ಟಿಯಾಗಿ ಕಾಣುವುದು ಬೆಂಜಮಿನ್ ಪರ್ಜಿಕಿ ಮತ್ತು ಸಂಗಡಿಗರು 2016ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ. ಫಿಜಿ, ಮಾರಿಷಸ್, ಸೈಬೀರಿಯಾ, ತಾಂಜಾನಿಯಾ ಹೀಗೆ ಬೇರೆ ಬೇರೆ ಕಡೆಯ 8 ಸಮುದಾಯಗಳ 591 ಜನ ಅದರಲ್ಲಿ ಭಾಗವಹಿಸಿದ್ದರು. ಎದುರಿಗೆ 30 ನಾಣ್ಯ, ಎರಡು ಬಟ್ಟಲು, ಎರಡು ಬಣ್ಣದ ಒಂದು ದಾಳ. ಒಂದು ಆಟದಲ್ಲಿ ಒಂದು ಬಟ್ಟಲು ತನ್ನದು, ಇನ್ನೊಂದು ಮುಖವನ್ನೇ ಕಾಣದ, ದೂರದೂರಿನ ಸ್ವಧರ್ಮೀಯನದು. ಮೊದಲು ಒಂದು ಬಟ್ಟಲನ್ನು ಮನಸ್ಸಿನಲ್ಲೇ ಆರಿಸಿಕೊಂಡು ದಾಳ ಉರುಳಿಸಬೇಕು. ಒಂದು ಬಣ್ಣ ಬಿದ್ದರೆ ನಾಣ್ಯ ಆ ಬಟ್ಟಲಿಗೆ, ಇನ್ನೊಂದು ಬಣ್ಣ ಬಿದ್ದರೆ ಮತ್ತೊಂದಕ್ಕೆ. ಮನಸ್ಸಿನಲ್ಲಿ ಏನಿತ್ತೆಂದು ಕಂಡವರು ಯಾರು? ಮೋಸ ಮಾಡಿದರೆ ಹಿಡಿಯುವಂತಿಲ್ಲ. ಆದರೆ ಎಲ್ಲರೂ ನಿಯಮದಂತೆ ಆಡಿದರೆ ಸರಾಸರಿ 15 ನಾಣ್ಯ ಆ ದೂರದವನ ಬಟ್ಟಲಿನಲ್ಲಿರಬೇಕು; ಕಡಿಮೆಯಾದದ್ದು ಎಣಿಕೆಗೆ ಸಿಗುತ್ತದೆ. ತಮ್ಮ ದೇವರಿಗೆ ಒಳಮನಸ್ಸೂ ತಿಳಿಯುತ್ತದೆ, ತಪ್ಪಿದರೆ ಶಿಕ್ಷೆಯಾಗುತ್ತದೆ ಎಂದು ಬಲವಾಗಿ ನಂಬಿದವರು ಆ ಅಪರಿಚಿತನಿಗೆ ಹೆಚ್ಚು ನಾಣ್ಯ ಬಿಟ್ಟಿದ್ದರು.

ಸ್ವಧರ್ಮೀಯ ಎಂಬುದನ್ನು ಗಮನಿಸಬೇಕು. ಬೋರ್ಡಿನ ಮಿತಿಯೂ ಅಲ್ಲೇ ಇದೆ. ಚೌಡೇಶ್ವರಿಯ ಹೆಸರನ್ನೇ ಕೇಳದ ಕಳ್ಳನಿಗೆ ಅದು ಬರೀ ತಗಡು. ಈ ಲೆಕ್ಕದಲ್ಲಿ ದೇವಿಯ ಕಾವಲಿನ ಸರಹದ್ದು ಎಂದರೆ ಅವಳ ಖ್ಯಾತಿಯ ಸರಹದ್ದು. 2025ರ ಜುಲೈಯಲ್ಲಿ ಹಿನ್ನೀರಿನ ಸೇತುವೆ ತೆರೆದು, ಲಾಂಚಿಗೆ ಕಾಯದೆ ಸಿಗಂದೂರಿಗೆ ಹೋಗುವಂತಾಗಿದೆ. ಯಾತ್ರಿಕರು ಹೆಚ್ಚಿದಷ್ಟೂ ಕಾವಲಿನ ವ್ಯಾಪ್ತಿಯೂ ಹಿಗ್ಗೀತು. ಅಲ್ಲಿಯವರೆಗೆ ಬೋರ್ಡಿನ ಪಕ್ಕದಲ್ಲೇ ಸಿಸಿಟಿವಿ ಕ್ಯಾಮೆರಾ ಹಾಕಿಸಿದವನನ್ನು ನಾಸ್ತಿಕ ಎನ್ನಬೇಕಾಗಿಲ್ಲ.

ದೇವರ ಭಯವಿಲ್ಲದ ಕಡೆ ದಾಕ್ಷಿಣ್ಯ ಕೆಲಸ ಮಾಡುತ್ತದೆ. ಮುಯ್ಯಾಳಿನ ಪದ್ಧತಿಯನ್ನೇ ನೋಡಿ: ಇಂದು ನೀವು ನಮ್ಮ ನಾಟಿಗೆ, ನಾಳೆ ನಾವು ನಿಮ್ಮದಕ್ಕೆ. ಪತ್ರವಿಲ್ಲ, ಸಾಕ್ಷಿಯಿಲ್ಲ. ಇಲ್ಲಿ ದುಡ್ಡು ತಲೆಹಾಕಿದರೆ ಏನಾದೀತು? ಇಸ್ರೇಲಿನ ಹೈಫಾದ ಶಿಶುವಿಹಾರಗಳಲ್ಲಿ ಉರಿ ಗ್ನೀಜಿ ಮತ್ತು ಆಲ್ಡೊ ರುಸ್ತಿಚಿನಿ ಇದಕ್ಕೆ ಹತ್ತಿರದ ಸಂಗತಿಯೊಂದನ್ನು ಕಂಡರು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗೆ ಸಣ್ಣ ದಂಡ ಹಾಕಿದಾಗ ತಡವಾಗಿ ಬರುವವರು ಹೆಚ್ಚಾದರು. ನಾಚಿಕೆಯಿದ್ದ ಜಾಗಕ್ಕೆ ಬೆಲೆಚೀಟಿ ಅಂಟಿತ್ತು. ದಂಡ ತೆಗೆದ ಮೇಲೂ ಹಳೆಯ ಶಿಸ್ತು ಮರಳಲಿಲ್ಲ.

ನಂಬಿಕೆ, ದಾಕ್ಷಿಣ್ಯಗಳ ಲೆಕ್ಕದಲ್ಲಿ ಖರ್ಚಿನ ಪುಟವೂ ಇದೆ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ. ನೆಂಟರಿಷ್ಟರನ್ನು ಕರೆದು ಊಟ ಹಾಕದಿದ್ದರೆ ಮರ್ಯಾದೆಗೆ ಕಡಿಮೆ ಎಂದು ಕೈಲಾಗದ ಮನೆಯೂ ಸಾಲಕ್ಕೆ ಕೈಚಾಚುತ್ತದೆ. ಅದು ವ್ಯರ್ಥ ಖರ್ಚು ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ರಂಜಾನ್ ಉಪವಾಸದ ಹೊತ್ತು ದೀರ್ಘವಾದಾಗ ಮುಸ್ಲಿಂ ದೇಶಗಳ ಆರ್ಥಿಕ ಬೆಳವಣಿಗೆ ಕುಗ್ಗುತ್ತದೆ, ಆದರೆ ಜನ ತಾವು ಹೆಚ್ಚು ಸುಖವಾಗಿದ್ದೇವೆ ಎನ್ನುತ್ತಾರೆ ಎಂದು 2015ರ ಒಂದು ಅಧ್ಯಯನ ತೋರಿಸಿತ್ತು. ಆದರೂ ಸಾಲದ ಬಡ್ಡಿ ಸುಖವನ್ನು ಕೇಳುವುದಿಲ್ಲ. ಒಂದೇ ಮನೆ ಊಟದ ಖರ್ಚನ್ನು ಇಳಿಸಿದರೆ ಜಿಪುಣತನದ ಹೆಸರು ಬರುತ್ತದೆ, ಕೇರಿಯೇ ಇಳಿಸಿದರೆ ಯಾರೂ ಬೆರಳು ತೋರಿಸುವುದಿಲ್ಲ. ಹಾಗಾಗಿ ಆ ಮಾತು ಎತ್ತಬೇಕಾದದ್ದು ಜಾತ್ರೆಗೆ ಮುಂಚೆ, ಕೇರಿಯವರೆಲ್ಲ ಸೇರಿದ ಕಡೆ.