ಬ್ರೇಕ್ ಕ್ಯಾಲಿಪರ್‌ನ ಬೋಲ್ಟಿನ ತಲೆ ಸವೆದಿದ್ದರೆ ಬಿಚ್ಚುವುದು ಹೇಗೆ?

ಪ್ರಶ್ನೆ: ಕಾರಿನ ಮುಂದಿನ ಬ್ರೇಕ್ ಪ್ಯಾಡ್‌ಗಳನ್ನು ನಾನೇ ಬದಲಿಸಲು ಹೊರಟೆ. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಕೆಳಗಿನ ಬೋಲ್ಟಿನ ಮೂಲೆಗಳು ಸವೆದು ಸ್ಪ್ಯಾನರ್ ಜಾರುತ್ತಿದೆ. ಬೇರೆ ಭಾಗಗಳಿಗೆ ಪೆಟ್ಟಾಗದಂತೆ ಅದನ್ನು ಹೊರತೆಗೆಯುವುದು ಹೇಗೆ?

ಉತ್ತರ: ಸದ್ಯಕ್ಕೆ ಸ್ಪ್ಯಾನರ್ ಕೆಳಗಿಡಿ. ಒಮ್ಮೆ ಜಾರಿದಾಗ ಬೋಲ್ಟಿನ ಮೂಲೆಯಲ್ಲಿ ಹೊಳೆಯುವ ಗೆರೆಯೊಂದು ಕಾಣುತ್ತದೆ. ಅದೇ ಸ್ಪ್ಯಾನರಿನಿಂದ ಮತ್ತೆ ಮತ್ತೆ ಪ್ರಯತ್ನಿಸಿದರೆ ಹಿಡಿತಕ್ಕೆ ಉಳಿದಿರುವ ಲೋಹವೂ ಹೋಗುತ್ತದೆ. ಕಾರು ಜಾಕ್ ಒಂದರ ಮೇಲೆಯೇ ನಿಂತಿದ್ದರೆ ಕೂಡಲೇ ಜಾಕ್ ಸ್ಟ್ಯಾಂಡ್ ಕೊಟ್ಟು ಹಿಂದಿನ ಚಕ್ರಗಳಿಗೆ ಅಡ್ಡ ಕಟ್ಟೆ ಇಡಿ, ಏಕೆಂದರೆ ಇನ್ನು ಮುಂದಿನ ಕೆಲಸಕ್ಕೆ ಬಲವೂ ಸುತ್ತಿಗೆಯೂ ಬೇಕಾಗುತ್ತವೆ.

ಬೋಲ್ಟ್ ಏಕೆ ಬರುತ್ತಿಲ್ಲ ಎಂಬುದನ್ನು ಈಗ ನೋಡಬೇಕು. ಈ ಬೋಲ್ಟಿನ ತಲೆ ಚಕ್ರದ ಒಳಬದಿಗೆ ಇರುವುದರಿಂದ, ಹೊರಗೆ ಕುಳಿತು ಕೈ ಚಾಚಿ ತಿರುಗಿಸುವವರು ಗೊತ್ತಿಲ್ಲದೆ ಅದನ್ನು ಬಿಗಿ ಮಾಡುತ್ತಿರುವುದುಂಟು. ತಲೆಗೆ ಎದುರಾಗಿ ನಿಂತಂತೆ ಕಲ್ಪಿಸಿಕೊಂಡು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕು. ಬಹಳಷ್ಟು ಕಾರುಗಳಲ್ಲಿ ಈ ಬೋಲ್ಟ್, ಕ್ಯಾಲಿಪರ್ ಅತ್ತಿತ್ತ ಜಾರಲು ಆಧಾರವಾಗುವ ಗೈಡ್ ಪಿನ್ನಿನೊಳಗೆ ಹೋಗುತ್ತದೆ, ಮತ್ತು ಧೂಳು ತಡೆಯುವ ರಬ್ಬರ್ ಬೂಟಿನ ಪಕ್ಕದಲ್ಲಿರುವ ಆ ಪಿನ್ನಿನ ಚಪ್ಪಟೆ ಭಾಗವನ್ನು ತೆಳುವಾದ ಇನ್ನೊಂದು ಸ್ಪ್ಯಾನರಿನಿಂದ ಹಿಡಿಯದಿದ್ದರೆ ಬೋಲ್ಟಿನೊಂದಿಗೆ ಪಿನ್ನೂ ಸುಮ್ಮನೆ ಸುತ್ತುತ್ತದೆ. ಬೋಲ್ಟ್ ಸಲೀಸಾಗಿ ತಿರುಗುತ್ತಿದ್ದೂ ಹೊರಗೆ ಬರದಿದ್ದರೆ, ಪಿನ್ ಸುತ್ತುತ್ತಿದೆ ಅಥವಾ ಒಳಗಿನ ಥ್ರೆಡ್ ಹೋಗಿದೆ ಎಂದರ್ಥ. ಥ್ರೆಡ್ ಹೋಗಿದ್ದರೆ ತಲೆಯ ಹಿಂದೆ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ, ಹೊರಕ್ಕೆ ಒತ್ತುತ್ತಲೇ ತಿರುಗಿಸಿದರೆ ಸಾಮಾನ್ಯವಾಗಿ ಬರುತ್ತದೆ.

ತಲೆಯಷ್ಟೇ ಸವೆದಿದ್ದರೆ ಕೆಲಸ ಇನ್ನೂ ಕೈ ಮೀರಿಲ್ಲ. ರಿಂಗ್ ಸ್ಪ್ಯಾನರಿನ ಒಳಗೆ ಸಾಮಾನ್ಯವಾಗಿ 12 ಮೂಲೆಗಳಿದ್ದು, ಅವು ಬೋಲ್ಟನ್ನು ಅದರ ಮೂಲೆಗಳ ಬಳಿಯಲ್ಲೇ ಹಿಡಿಯುತ್ತವೆ. 6 ಮೂಲೆಯ ಸಾಕೆಟ್ ಅದರ ಚಪ್ಪಟೆ ಬದಿಗಳನ್ನೇ ಒತ್ತುವುದರಿಂದ ಅರ್ಧ ಸವೆದ ತಲೆಯೂ ಅದಕ್ಕೆ ಸಿಗುತ್ತದೆ. ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ, ಥ್ರೆಡ್ ಸೇರುವ ಜಾಗಕ್ಕೆ ತುಕ್ಕು ಸಡಿಲಿಸುವ ಎಣ್ಣೆಯನ್ನು ಹನಿ ಹನಿಯಾಗಿ ಬಿಟ್ಟು ಅರ್ಧ ಗಂಟೆಯಾದರೂ ಕಾಯಿರಿ. ನಡುವೆ ತಲೆಯ ಮೇಲೆ ನೇರವಾಗಿ ಸುತ್ತಿಗೆಯಿಂದ ಕೆಲವು ಸಣ್ಣ ಏಟು ಹಾಕಿದರೆ ತುಕ್ಕಿನ ಹಿಡಿತ ಒಡೆಯುತ್ತದೆ. ಉಪ್ಪು ಗಾಳಿಯ ಮಂಗಳೂರು, ಉಡುಪಿ, ಕಾರವಾರದ ಕಡೆಯ ಕಾರುಗಳಿಗೆ ಈ ಕಾಯುವಿಕೆ ಇನ್ನಷ್ಟು ಬೇಕು. ಎಣ್ಣೆಯನ್ನು ಸ್ಪ್ರೇ ಮಾಡಬೇಡಿ ಎಂದು ಒತ್ತಿ ಹೇಳುತ್ತೇನೆ: ಡಿಸ್ಕ್ ಮತ್ತು ಪ್ಯಾಡ್‌ಗೆ ತಗುಲಿದರೆ ಬ್ರೇಕ್ ಹಿಡಿಯುವುದಿಲ್ಲ, ಬ್ರೇಕ್‌ನ ರಬ್ಬರ್ ಭಾಗಗಳು ಪೆಟ್ರೋಲಿಯಂ ಎಣ್ಣೆಗೆ ಊದಿಕೊಳ್ಳುತ್ತವೆ.

ಅದಕ್ಕೂ ಜಗ್ಗದಿದ್ದರೆ, 14 ಮಿ.ಮೀ. ತಲೆಗೆ 13 ಮಿ.ಮೀ.ನ 6 ಮೂಲೆಯ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಬಹುದು. ತಲೆ 12 ಮಿ.ಮೀ. ಆಗಿದ್ದು ಇದಕ್ಕೆ ಒಗ್ಗದಿದ್ದರೆ, ಅರದಿಂದ ಎದುರುಬದುರು ಎರಡು ಬದಿಗಳನ್ನು ಉಜ್ಜಿ, 10 ಅಥವಾ 11 ಮಿ.ಮೀ. ಸ್ಪ್ಯಾನರ್ ಬಿಗಿಯಾಗಿ ಕೂರುವಂತೆ ಮಾಡಬಹುದು. ಹಣ ಖರ್ಚು ಮಾಡಲು ಅಡ್ಡಿಯಿಲ್ಲದಿದ್ದರೆ ಎಕ್ಸ್‌ಟ್ರಾಕ್ಟರ್ ಸಾಕೆಟ್ ಕೊಳ್ಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಅದರೊಳಗಿನ ಓರೆಯಾದ ಏಣುಗಳು ತಿರುಗಿಸಿದಷ್ಟೂ ಬೋಲ್ಟಿಗೆ ಕಚ್ಚುತ್ತವೆ. ಡ್ರಿಲ್ ಮಾಡಿ ಒಳಗೆ ತಿರುಗಿಸುವ ಎಕ್ಸ್‌ಟ್ರಾಕ್ಟರನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಗಡಸು ಉಕ್ಕಿನ ಆ ತುಂಡು ಒಳಗೇ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯಲಾರದು.

ಬೆಂಕಿಯಿಂದ ಕಾಯಿಸುವ ಉಪಾಯವನ್ನು ಗ್ಯಾರೇಜುಗಳಲ್ಲಿ ನೋಡಿರುತ್ತೀರಿ. ಇಲ್ಲಿ ಅದು ಬೇಡ. ಪಕ್ಕದಲ್ಲೇ ರಬ್ಬರ್ ಬೂಟ್, ಬ್ರೇಕ್ ಹೋಸ್ ಮತ್ತು ಬೆಂಕಿಗೆ ಹೊತ್ತಿಕೊಳ್ಳುವ ಬ್ರೇಕ್ ಆಯಿಲ್ ಇವೆ. ಜೊತೆಗೆ, ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಳಸಿದ್ದರೆ ಅದು ಬಿಸಿಗೆ ಫಾಸ್ಜೀನ್ ಎಂಬ ವಿಷಾನಿಲವಾಗಬಲ್ಲದು.

ಇಷ್ಟಾದರೂ ಬಾರದಿದ್ದರೆ ಆ ಬೋಲ್ಟಿನೊಂದಿಗೆ ಅಲ್ಲೇ ಹೋರಾಡುವ ಅಗತ್ಯವಿಲ್ಲ. ಕ್ಯಾಲಿಪರ್ ಕೂತಿರುವ ಬ್ರಾಕೆಟ್ಟನ್ನು, ಚಕ್ರವನ್ನು ಹೊತ್ತ ಲೋಹದ ಭಾಗವಾದ ನಕಲ್‌ಗೆ ಹಿಡಿದಿರುವ ದೊಡ್ಡ ಬೋಲ್ಟುಗಳು ಎರಡು, ಸಾಮಾನ್ಯವಾಗಿ 17 ಮಿ.ಮೀ. ಸುಮಾರಿನವು. ಅವನ್ನು ಬಿಚ್ಚಿದರೆ ಕ್ಯಾಲಿಪರ್ ಮತ್ತು ಬ್ರಾಕೆಟ್ ಒಟ್ಟಿಗೇ ಡಿಸ್ಕಿನಿಂದ ಹೊರಬರುತ್ತವೆ, ತಲೆ ಕಣ್ಣೆದುರಿಗೆ ಸಿಗುತ್ತದೆ, ಲಾಕಿಂಗ್ ಪ್ಲೈಯರ್ ಹಿಡಿಸಲು ಜಾಗವಾಗುತ್ತದೆ. ಆಗ ಕ್ಯಾಲಿಪರನ್ನು ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ. ಹೋಸಿನ ಮೇಲೆ ತೂಗಾಡಲು ಬಿಡಬೇಡಿ. ಹೋಸ್ ಕಳಚಿ ಲೇತ್ ಅಂಗಡಿಗೆ ಒಯ್ಯುವುದಾದರೆ, ಮರಳಿ ಜೋಡಿಸಿದ ಮೇಲೆ ಗಾಳಿ ತೆಗೆಯುವ ಬ್ಲೀಡಿಂಗ್ ಕೆಲಸ ಕಡ್ಡಾಯ. ಮೇಲಿನ ಬೋಲ್ಟ್ ಮಾತ್ರ ಬಿಚ್ಚಿ ಕ್ಯಾಲಿಪರನ್ನು ಕೆಳಕ್ಕೆ ತಿರುಗಿಸಿ ಪ್ಯಾಡ್ ಹಾಕಲು ಎಷ್ಟೋ ಕಾರುಗಳಲ್ಲಿ ಸಾಧ್ಯವಿದೆ. ಆದರೆ ಕೆಳಗಿನ ಪಿನ್ನೂ ತುಕ್ಕು ಹಿಡಿದಿದ್ದರೆ ಕ್ಯಾಲಿಪರ್ ಸರಿಯಾಗಿ ಜಾರದೆ ಹೊಸ ಪ್ಯಾಡ್ ಓರೆಯಾಗಿ ಸವೆಯುತ್ತದೆ, ಆದ್ದರಿಂದ ಅದನ್ನು ಹಾಗೆಯೇ ಬಿಡುವುದನ್ನು ನಾನು ಒಪ್ಪುವುದಿಲ್ಲ.

ಹೊರಬಂದ ಬೋಲ್ಟನ್ನು ಮತ್ತೆ ಹಾಕಬೇಡಿ, ಹಾರ್ಡ್‌ವೇರ್ ಅಂಗಡಿಯ ಯಾವುದೋ ಬೋಲ್ಟನ್ನೂ ಹಾಕಬೇಡಿ. ತಲೆಯ ಮೇಲೆ 8.8 ಎಂದಿದ್ದರೆ ಅದರ ಕರ್ಷಣ ಬಲ, ಅಂದರೆ ಎಳೆತಕ್ಕೆ ಮುರಿಯದೆ ತಾಳುವ ಶಕ್ತಿ, ಸುಮಾರು 800 ಮೆಗಾಪಾಸ್ಕಲ್, 4.6 ದರ್ಜೆಯದ್ದು ಅದರ ಅರ್ಧ ಮಾತ್ರ. ನಿಮ್ಮ ಕಾರಿನ ಮಾದರಿಗೆ ಸೇರಿದ ಬೋಲ್ಟ್ ತನ್ನಿ. ಥ್ರೆಡ್ ಹಾಳಾಗಿದ್ದರೆ ಪಿನ್ನನ್ನೂ ಬದಲಿಸಿ, ಪಿನ್ನಿಗೆ ಬ್ರೇಕ್‌ಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿ, ಕಾರಿನ ಸರ್ವಿಸ್ ಕೈಪಿಡಿಯಲ್ಲಿರುವ ಅಳತೆಗೆ, ಬಿಗಿಯುವ ಬಲವನ್ನು ತೋರಿಸುವ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಚಕ್ರ ಹಾಕಿ ಕಾರನ್ನು ಇಳಿಸಿದ ಬಳಿಕ, ಎಂಜಿನ್ ಶುರು ಮಾಡುವ ಮೊದಲೇ ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ. ಹೊಸ ಪ್ಯಾಡ್ ಕೂರಿಸಲು ಹಿಂದಕ್ಕೆ ತಳ್ಳಿದ ಕ್ಯಾಲಿಪರ್ ಒಳಗಿನ ಪಿಸ್ಟನ್ ಪ್ಯಾಡಿಗೆ ತಾಗುವವರೆಗೂ ಮೊದಲ ಒತ್ತಿಗೆ ಪೆಡಲ್ ನೆಲಕ್ಕೇ ಹೋಗುತ್ತದೆ.